ನಾಗರಹಾವಿನ ಮನೆ ಒಪ್ಪ ಮಾಡಿದ್ದು

ನ್ಯಾಮತಿ

ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಐದಕ್ಕೆ ಅಂಗಳ ಗುಡಿಸಿ, ಐದೂಮುಕ್ಕಾಲಿಗೆ ಕಾಫಿ ಕುಡಿಯುವುದು ನನ್ನ ಕ್ರಮ. ಚನ್ನಗಿರಿ, ಜಗಳೂರು, ಹೊನ್ನಾಳಿಯ ಆಸ್ಪತ್ರೆಗಳಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದು, ನಿವೃತ್ತಿಯ ನಂತರ ನ್ಯಾಮತಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ವಾರ್ಡಿನಲ್ಲಿ ಹಾಸಿಗೆಯ ಚಾದರ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇಳಿಬಿದ್ದಿದ್ದರೆ ರೋಗಿಯ ಜ್ವರ ನೋಡುವ ಮೊದಲು ಚಾದರ ಸರಿಪಡಿಸುತ್ತಿದ್ದೆ. ಹೆಮ್ಮೆಗೆ ಹೇಳುತ್ತಿಲ್ಲ. ಶ್ರೀಲಂಕಾದಲ್ಲಿ ನಾವು ಪಟ್ಟ ಪಾಡಿಗೆ ಈ ಗುಣವೇ ಕಾರಣವಾದ್ದರಿಂದ ಓದುವವರಿಗೆ ಮೊದಲೇ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ನನಗೂ ನನ್ನ ತಮ್ಮ ರುದ್ರೇಶನಿಗೂ ಸೇರಿ ತ್ಯಾವಣಿಗೆಯ ಹತ್ತಿರ ಭತ್ತದ ಗದ್ದೆ ಇದೆ. ಗದ್ದೆಯ ಮೂಲೆಯಲ್ಲಿ ಒಂದು ಬನ. ಎರಡು ಹುತ್ತ, ಒಂದು ಹಳೆಯ ಬೇವಿನ ಮರ, ಸುತ್ತ ಯಾರೂ ಕೈ ಹಾಕದ ಪೊದೆ. ಕಳೆದ ಮಳೆಗಾಲದಲ್ಲಿ ನಮ್ಮ ಗದ್ದೆ ಕೆಲಸಕ್ಕೆ ಬರುವ ಹನುಮಕ್ಕ ಆ ಬನದ ಪಕ್ಕದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಮಂಡಲದ ಹಾವು ಕಾಲಿಗೆ ಕಚ್ಚಿತು. ಮಂತ್ರ ಹಾಕುವವರ ಹತ್ತಿರ ಕರೆದೊಯ್ಯೋಣ ಎಂದ ರುದ್ರೇಶನನ್ನು ಬದಿಗೆ ಸರಿಸಿ, ಅವಳ ಕಾಲು ಅಲುಗದಂತೆ ಆಟೊದಲ್ಲಿ ಮಲಗಿಸಿ ಆಸ್ಪತ್ರೆಗೆ ಮುಟ್ಟಿಸಿದೆ. ಹನ್ನೊಂದು ದಿನದ ಮೇಲೆ ಹನುಮಕ್ಕ ನಡೆದುಕೊಂಡು ಮನೆಗೆ ಹೋದಳು. ಆದರೆ ನಮ್ಮ ಗದ್ದೆಗೆ ಕಾಲಿಡಲಿಲ್ಲ. ಅತ್ತ ಹಾವು ಕಚ್ಚಿದ ದಿನ ಸಂಜೆಯೇ ಸಿಟ್ಟಿಗೆದ್ದ ಊರಿನ ಗಂಡಸರು ಬಡಿಗೆ ಹಿಡಿದು ಬಂದು ಎರಡು ಹಾವು ಹೊಡೆದು ಹಾಕಿದ್ದರು. ಎರಡೂ ಕೇರೆ ಹಾವು. ಕಚ್ಚಿದರೂ ಯಾರಿಗೂ ಏನೂ ಆಗದಂಥವು.

ನಾನು ಬನ ತೆಗೆಸಲು ನಿರ್ಧರಿಸಿ ಜೆಸಿಬಿ ಮಂಜಣ್ಣನಿಗೆ ಹೇಳಿದೆ. ನನಗೆ ಪೊದೆ ಮೊದಲಿನಿಂದಲೂ ಆಗದು.

“ಅಕ್ಕಾ, ಅದು ನಾಗಪ್ಪನ ಜಾಗ. ಕೈ ಹಚ್ಚಬ್ಯಾಡ,” ಎಂದ ರುದ್ರೇಶ.

“ಹನುಮಕ್ಕನ ಕಾಲು ನೋಡಿದ್ಯಾ?”

“ಅವಳಿಗೆ ಕಚ್ಚಿದ್ದು ನಾಗಪ್ಪ ಅಲ್ಲ ಕಣಕ್ಕ, ಮಂಡಲ. ಯಾರೋ ನೆಂಟರು ಮಾಡಿದ್ದಕ್ಕೆ ಅವನ ಮನಿ ಕೆಡವ್ತೀಯಾ?”

ಹನುಮಕ್ಕನನ್ನೇ ಕೇಳಿದೆ. “ತಗಸ್ರಿ ಸಿಸ್ಟರಮ್ಮ. ನಂಗೆ ಆ ಕಡೆ ನೋಡಾಕೂ ಆಗಲ್ಲ,” ಎಂದಳು. ಅಲ್ಲಿಗೆ ಮಾತು ಮುಗಿಯಿತು. ನಾವು ಪ್ರವಾಸದಿಂದ ಬಂದ ಮರುದಿನ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬರಬೇಕು ಎಂದಾಯಿತು.

ಪ್ರವಾಸ ನನ್ನ ಗೆಳತಿ ಸೋಮಾಳ ಮನೆಗೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಅವಳೂ ನನ್ನ ಹಾಗೆ ನಿವೃತ್ತಳಾಗಿ ಶ್ರೀಲಂಕಾದ ಅನುರಾಧಪುರದ ಹತ್ತಿರದ ತನ್ನ ಹಳ್ಳಿಯಲ್ಲಿದ್ದಾಳೆ. ನಾನೊಬ್ಬಳೇ ವಿಮಾನ ಹತ್ತುವುದು ರುದ್ರೇಶನಿಗೆ ಸರಿಬರಲಿಲ್ಲ. ತಾನೂ ವಿಮಾನ ಹತ್ತಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣವಿರಬೇಕು.

ವಿಮಾನ

ಹಾವು ಹತ್ತಿರ ಬರಬಾರದೆಂದು ರುದ್ರೇಶ ಇಂಗು ಮತ್ತು ಬೆಳ್ಳುಳ್ಳಿ ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಬೆಂಗಳೂರಿನ ತಪಾಸಣೆಯವನು ಗಂಟನ್ನು ಮೂಗಿಗೆ ಹಿಡಿದು, ಕಣ್ಣು ಒರೆಸಿಕೊಂಡು, ಇನ್ನೊಬ್ಬನನ್ನು ಕರೆದ. ಅವನೂ ಮೂಸಿ, ತಕ್ಷಣ ವಾಪಸು ಕೊಟ್ಟ. ವಿಮಾನದಲ್ಲಿ ನಮ್ಮ ಸಾಲಿನ ಮೂರನೆಯ ಆಸನದಲ್ಲಿದ್ದ ಹೆಂಗಸು ಐದೇ ನಿಮಿಷದಲ್ಲಿ ಎದ್ದು ಹಿಂದಕ್ಕೆ ಹೋದರು.

“ವಿಮಾನದಾಗೆ ಹಾವು ಎಲ್ಲಿ ಬರ್ತೈತೋ?” ಎಂದು ಕೇಳಿದೆ.

“ಬಂತಾ? ಇಲ್ಲ ತಾನೇ? ಕೆಲಸ ಮಾಡ್ತಾ ಐತೆ,” ಎಂದ.

ಇಂಗಿಗೆ ಹಾವು ಹೆದರುತ್ತದೆ ಎನ್ನುವುದನ್ನು ನಾನು ಎಂದೂ ನಂಬಿದವಳಲ್ಲ. ಮನುಷ್ಯರು ಹೆದರುತ್ತಾರೆ, ಅದನ್ನು ಕಣ್ಣಾರೆ ಕಂಡೆ.

ಅನುರಾಧಪುರದ ದಾರಿ

ಕೊಲಂಬೊದಿಂದ ರೈಲು. ಸಿಂಹಳ ಅಕ್ಷರ ನಮ್ಮ ಅಕ್ಷರದ ಹಾಗೆಯೇ ದುಂಡಗಿದೆ. ರುದ್ರೇಶ ಪ್ರತಿ ನಿಲ್ದಾಣದ ಫಲಕವನ್ನೂ ಕಣ್ಣು ಕಿರಿದು ಮಾಡಿ ನೋಡಿ, “ಓದಾಕೆ ಬರೋ ಹಂಗೇ ಐತಲ್ಲಕ್ಕ, ಇನ್ನೊಂಚೂರು ನಿಂತಿದ್ರೆ ಓದೇಬಿಡ್ತಿದ್ದೆ,” ಎನ್ನುತ್ತಿದ್ದ. ರೈಲು ನಾಲ್ಕು ಗಂಟೆ ಓಡಿತು. ಒಂದನ್ನೂ ಓದಲಿಲ್ಲ.

ಆ ಕಡೆಯ ನೆಲ ನೋಡಿದರೆ ಮನೆಯ ನೆನಪು ಬರುತ್ತದೆ. ಮಳೆ ಕಡಿಮೆ, ಬಿಸಿಲು ಜಗಳೂರಿನದು. ಆದರೆ ಊರಿಗೊಂದು ಕೆರೆ, ಕೆರೆಯ ಕೆಳಗೆ ಗದ್ದೆ. ನಮ್ಮ ಕಡೆಯ ದೊಡ್ಡ ಸೂಳೆಕೆರೆಯನ್ನು ತುಂಡು ಮಾಡಿ ಊರೂರಿಗೆ ಹಂಚಿದ ಹಾಗೆ.

ಸೋಮಾ ನಿಲ್ದಾಣಕ್ಕೆ ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ನಡಿಗೆ ಅದೇ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ನೆನಪಿರುವ ಕನ್ನಡ ನಮ್ಮ ಹಾಸ್ಟೆಲ್ ವಾರ್ಡನ್‌ರಿಂದ ಕಲಿತದ್ದು ಮಾತ್ರ: “ಲೈಟ್ ಆರಿಸು”, “ಮಾತಾಡಬೇಡ”, “ಬಾಗಿಲು ಹಾಕು”, “ಸುಮ್ನಿರು”. ನನ್ನನ್ನು ಕಂಡೊಡನೆ ತಬ್ಬಿಕೊಂಡು, ಬಹಳ ಪ್ರೀತಿಯಿಂದ, “ಮಾತಾಡಬೇಡ,” ಎಂದಳು. ರುದ್ರೇಶ ಸಂಜೆಯವರೆಗೂ ಮಾತಾಡಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವರ ಊರಿನ ಬೌದ್ಧ ವಿಹಾರಕ್ಕೆ ಕರೆದೊಯ್ದಳು. ಮೆಟ್ಟಿಲಿನ ಎರಡೂ ಪಕ್ಕದಲ್ಲಿ ಏಳು ಹೆಡೆಯ ನಾಗರಾಜನನ್ನು ಕೆತ್ತಿದ ಕಲ್ಲುಗಳು. ಅಂಥ ಕೆತ್ತನೆ ನಮ್ಮಲ್ಲಿ ಗರ್ಭಗುಡಿಯ ಒಳಗೆ ಇರಬೇಕಾದ್ದು. ನಾವಿಬ್ಬರೂ ಒಳಗೆ ಹೋಗಿ ಬರುವಷ್ಟರಲ್ಲಿ ರುದ್ರೇಶ ಎದುರಿನ ಚಹದ ಅಂಗಡಿಯಿಂದ ಒಂದು ಲೋಟ ಹಾಲು ತಂದು, ಭಕ್ತಿಯಿಂದ ಎರೆದು, ಕೈ ಮುಗಿದು ನಿಂತಿದ್ದ. ಆ ದೇಶದಲ್ಲಿ ಚಹಕ್ಕೆ ಹಾಲಿನ ಪುಡಿ ಬಳಸುತ್ತಾರೆ. ಅಂಗಡಿಯವನು ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಗಿರಾಕಿಯ ಮೇಲಿನ ವಿಶ್ವಾಸದಿಂದ ಸಕ್ಕರೆಯನ್ನೂ ಹಾಕಿದ್ದ. ನಾಗರಾಜನ ಮೈಮೇಲೆ ಹಾಲು ಅಂಟು ಅಂಟಾಗಿ ಇಳಿಯಿತು. ಇರುವೆ ಬಂದವು. ವಿಹಾರವನ್ನು ನೋಡಿಕೊಳ್ಳುವ ಮುದುಕ ಬಕೆಟ್ಟು, ಬಟ್ಟೆ ಹಿಡಿದು ಬಂದ.

ಮುದುಕ ಹೇಳಿದ್ದನ್ನು ಸೋಮಾ ತಿಳಿಸಿದಳು: “ಇವನು ದೇವರಲ್ಲವಂತೆ. ಬಾಗಿಲ ಕಾವಲುಗಾರ. ಡ್ಯೂಟಿಯಲ್ಲಿದ್ದಾನೆ.”

ಆಸ್ಪತ್ರೆಯ ಗೇಟಿನ ಕಾವಲುಗಾರನ ತಲೆಯ ಮೇಲೆ ಸಿಹಿ ಹಾಲು ಸುರಿದರೆ ಹೇಗಿರುತ್ತದೆ ಎಂದು ನಾನು ರುದ್ರೇಶನನ್ನು ಕೇಳಿದೆ. ಅವನು ಬಟ್ಟೆ ಇಸಕೊಂಡು ತಾನೇ ಒರೆಸಿದ.

ಸೋಮಾಳ ಹಿತ್ತಲು

ಸಂಜೆ ಐದೂಕಾಲಿಗೆ ಸೋಮಾ ಹಿತ್ತಲಿನ ಜಗಲಿಯಲ್ಲಿ ಮೂರು ಕುರ್ಚಿ ಹಾಕಿ ಚಹ ತಂದಳು. ಅಂಗಳದಲ್ಲಿ ಆಡುತ್ತಿದ್ದ ನಾಯಿಯನ್ನು ಒಳಗೆ ಕಟ್ಟಿದಳು. ಒಣಗಿದ ಬಟ್ಟೆ ತೆಗೆದಳು. ಆಮೇಲೆ ನಮ್ಮ ಹಳೆಯ ವಾರ್ಡಿನ ದನಿಯಲ್ಲಿ, “ಹ್ಯಾಂಡೋವರ್,” ಎಂದಳು.

ಹ್ಯಾಂಡೋವರ್ ಎಂದರೆ ಹಗಲು ಪಾಳಿಯ ನರ್ಸು ರಾತ್ರಿ ಪಾಳಿಯವಳಿಗೆ ವಾರ್ಡು ಒಪ್ಪಿಸುವುದು. ಎಷ್ಟು ರೋಗಿಗಳು, ಯಾರಿಗೆ ಏನು ಎಂದು ಹೇಳಿ, ನಾವು ಹೊರಗೆ ನಡೆಯಬೇಕು. ನಮ್ಮ ಪಾಳಿ ಮುಗಿದ ಮೇಲೆ ಅಲ್ಲೇ ಸುತ್ತಾಡುತ್ತಿದ್ದರೆ ಬರುವವರಿಗೆ ಅಡ್ಡಿ.

“ಯಾರಿಗೆ ಒಪ್ಪಿಸ್ತಿದ್ದೀಯೆ?” ಎಂದೆ.

“ನಮ್ಮ ಅತ್ತೆಗೆ.”

ಅವಳ ಅತ್ತೆ ತೀರಿಹೋಗಿ ಎಷ್ಟೋ ವರ್ಷವಾಯಿತು. ಅಷ್ಟರಲ್ಲಿ ಸೋಮಾ ಕನ್ನಡದಲ್ಲಿ “ಸುಮ್ನಿರು” ಎಂದಳು. ಮೂಲೆಯ ಸೌದೆ ರಾಶಿಯಿಂದ ಒಂದು ನಾಗರಹಾವು ಹೊರಬಂದು, ಅವಸರವಿಲ್ಲದೆ ಅಂಗಳ ದಾಟಿ, ಬೇಲಿಯ ಕೆಳಗೆ ನುಸುಳಿ ಗದ್ದೆಯ ಕಡೆಗೆ ಹೋಯಿತು. ಗಡಿಯಾರ ನೋಡಿದೆ. ಐದು ನಲವತ್ತು.

ಮನೆ ಬಿಟ್ಟು ಹೋಗದ ನಾಗರಹಾವು ಸತ್ತುಹೋದ ಹಿರಿಯರು ಎಂದು ಅಲ್ಲಿಯವರು ನಂಬುತ್ತಾರಂತೆ. “ನಾನು ನಂಬುವುದಿಲ್ಲ,” ಎಂದಳು ಸೋಮಾ. “ಆದರೆ ನಮ್ಮ ಅತ್ತೆಯೂ ಇದೇ ಹೊತ್ತಿಗೆ ಹೊರಗೆ ಬಂದು, ಒಂದು ಸುತ್ತು ನೋಡಿ, ಯಾರನ್ನೂ ಮಾತಾಡಿಸದೆ ಹೋಗುತ್ತಿದ್ದರು.”

“ಕಚ್ಚಿದರೆ?”

“ಅವರ ದಾರಿಯಲ್ಲಿ ನಾನು ನಿಲ್ಲುವುದಿಲ್ಲ. ಆಗಲೂ ನಿಲ್ಲುತ್ತಿರಲಿಲ್ಲ.”

ರುದ್ರೇಶ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ಜೇಬಿನ ಇಂಗಿನ ಗಂಟಿನ ಮೇಲೆ. ನನಗೆ ಮಾತ್ರ ಆ ಹಾವಿನ ಹೊತ್ತಿನ ಶಿಸ್ತು ಮೆಚ್ಚುಗೆಯಾಯಿತು. ನಮ್ಮ ಹೊನ್ನಾಳಿ ಬಸ್ಸು ಇದರ ಮುಂದೆ ಏನೂ ಅಲ್ಲ.

ಎರಡನೆಯ ದಿನ

ಮರುದಿನ ನಾಲ್ಕೂವರೆಗೆ ಎದ್ದೆ. ಸೋಮಾ ಏಳುವುದು ಏಳಕ್ಕೆ. ಬೆಳಕು ಹರಿದ ಮೇಲೆ ಅಂಗಳ ಗುಡಿಸಿದೆ. ಇನ್ನೂ ಹೊತ್ತಿತ್ತು. ಸೌದೆ ರಾಶಿ ಕಣ್ಣಿಗೆ ಬಿತ್ತು. ದಪ್ಪದ್ದು, ಸಣ್ಣದ್ದು, ತೆಂಗಿನ ಮಟ್ಟೆ, ಮುರಿದ ಹೆಂಚು, ಎಲ್ಲ ಒಂದರ ಮೇಲೊಂದು. ಹಾವು ಗದ್ದೆಗೆ ಹೋದದ್ದನ್ನು ನಾನೇ ನೋಡಿದ್ದೆ. ಯಜಮಾನಿ ಇಲ್ಲದಾಗ ಮನೆ ಒಪ್ಪ ಮಾಡಿದರೆ ತಪ್ಪೇನು? ಉದ್ದನೆಯ ಕೋಲಿನಿಂದ ಒಂದೊಂದೇ ಎಳೆದು, ತಟ್ಟಿ ನೋಡಿ, ಉದ್ದದ ಪ್ರಕಾರ ಗೋಡೆಗೆ ಒತ್ತಿ ಜೋಡಿಸಿದೆ. ಹೆಂಚುಗಳನ್ನು ಬೇರೆ ಪೇರಿಸಿದೆ. ಕೆಳಗೆ ಇದ್ದ ಎರಡು ಇಲಿ ಬಿಲಕ್ಕೆ ಮಣ್ಣು ತುಂಬಿ ತುಳಿದೆ. ಏಳಕ್ಕೆ ಸೋಮಾ ಹಲ್ಲುಜ್ಜುತ್ತ ಹೊರಗೆ ಬಂದಳು. ಬ್ರಷ್ಷು ಬಾಯಲ್ಲೇ ನಿಂತಿತು.

“ಪಾರು,” ಎಂದು ನನ್ನನ್ನು ಹಾಸ್ಟೆಲಿನ ಕಾಲದ ಹೆಸರು ಹಿಡಿದು ಕರೆದಳು, “ಅತ್ತೆ ಬೆಳಗಿನ ಜಾವವೇ ವಾಪಸು ಬರುತ್ತಾರೆ.”

“ಒಳಗೆ ಇರಲಿಲ್ಲ. ಪ್ರತಿ ಕಟ್ಟಿಗೆ ನೋಡಿದ್ದೇನೆ.”

“ಒಳಗೆ ಇಲ್ಲದಿದ್ದರೆ ಎಲ್ಲಿದ್ದಾರೆ?”

ಮಧ್ಯಾಹ್ನದವರೆಗೆ ನಾವು ಮೂವರೂ ನೆಲ ನೋಡಿಕೊಂಡು ನಡೆದೆವು. ಚಪ್ಪಲಿ ಮೂರು ಸಲ ಕೊಡವಿದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ರುದ್ರೇಶ ತೆಂಗಿನಕಾಯಿಯ ಕೆಂಪು ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡು, ಇದರ ರುಚಿಗೆ ಏನು ಹಾಕುತ್ತಾರೆ ಎಂದು ಕೇಳಿದ. ಒಣಮೀನಿನ ಪುಡಿ ಎಂದು ತಿಳಿದ ಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತೇನೆಂದು ಬಚ್ಚಲಿಗೆ ಹೋದ. ನಾವು ಲಿಂಗಧಾರಿಗಳು, ಅವನ ಸಂಕಟ ನನಗೆ ಅರ್ಥವಾಯಿತು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ.

ಬಾಗಿಲ ಹತ್ತಿರ ಹೋಗಿ ಕರೆದೆ.

“ಅಕ್ಕಾ,” ಎಂದು ಬಹಳ ಸಣ್ಣ ದನಿ ಬಂತು. “ಸೋಮಕ್ಕನ ಅತ್ತೆ ಇಲ್ಲೇ ಅದಾರೆ.”

ಬಾಗಿಲು ಮೆಲ್ಲಗೆ ದೂಡಿ ನೋಡಿದೆ. ರುದ್ರೇಶ ಟವೆಲು ಸುತ್ತಿಕೊಂಡು ಕಮೋಡಿನ ಮುಚ್ಚಳದ ಮೇಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಪಂಚಾಕ್ಷರಿ ಜಪಿಸುತ್ತಿದ್ದ. ಎದುರಿನ ಮೂಲೆಯಲ್ಲಿ, ಬಕೆಟ್ಟಿನ ಹಿಂದೆ, ನಾಗರಹಾವು ಸುತ್ತಿಕೊಂಡು ಕೂತಿತ್ತು. ಇಬ್ಬರ ನಡುವೆ, ಒಗೆಯಲು ಹಾಕಿದ ಅಂಗಿಯ ಮೇಲೆ, ಇಂಗಿನ ಗಂಟು.

“ಇಂಗು ಹತ್ರಾನೇ ಐತಲ್ಲೋ?”

“ನಗಬ್ಯಾಡಕ್ಕ. ಅದು ನನ್ನ ನೋಡ್ತಾ ಐತೆ.”

“ನೀನು ಕಣ್ಣು ಮುಚ್ಚಿದೀಯ, ನಿಂಗೆ ಹೆಂಗೆ ಗೊತ್ತು?”

“ಗೊತ್ತಾಗತೈತೆ.”

ಸೋಮಾ ಜಯಸೇನರನ್ನು ಕರೆಸಿದಳು. ವನ್ಯಜೀವಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ಒಂದು ಉದ್ದ ಹಿಡಿಯ ಪೊರಕೆ, ಒಂದು ಮಣ್ಣಿನ ಗಡಿಗೆ ತಂದರು. ಗಡಿಗೆಯನ್ನು ಹಾವಿನ ಮಗ್ಗುಲಿಗೆ ಅಡ್ಡ ಮಲಗಿಸಿ, ಎದುರಿನಿಂದ ಪೊರಕೆಯನ್ನು ಮೆಲ್ಲಗೆ ಆಡಿಸಿದರು. ಕತ್ತಲೆಯ ಬಾಯಿ ಕಂಡ ಹಾವು ಅದರೊಳಗೆ ಹೋಯಿತು. ಅಷ್ಟೇ. ಹೆಡೆ ಬಿಚ್ಚಲೂ ಇಲ್ಲ. ಇದನ್ನು ಓದಿ ಯಾರೂ ಮನೆಯಲ್ಲಿ ಗಡಿಗೆ ಹಿಡಿಯಬೇಡಿ. ಅವರಿಗೆ ಅದು ಜೀವಮಾನದ ಕೆಲಸ.

ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಜಯಸೇನ ಹಿತ್ತಲಿಗೆ ಬಂದು ನನ್ನ ಜೋಡಣೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೋಮಾಳಿಗೆ ಏನೋ ಹೇಳಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

“ಬಹಳ ಚೆನ್ನಾಗಿ ಜೋಡಿಸಿದ್ದಾರೆ ಅನ್ನುತ್ತಿದ್ದಾರೆ. ಈ ಮನೆ ಕೆಡವಿದರೆ ಅದು ಊರು ಬಿಡುವುದಿಲ್ಲ, ನಿಮ್ಮ ಮನೆಗೆ ಬರುತ್ತದೆ, ಇನ್ನೇನು ಮಾಡಬೇಕು ಅದು, ಅಂತ.”

ಅವರ ತಮ್ಮನೂ ಹಿಂದೆ ಗದ್ದೆಯ ಪಕ್ಕದ ಕುರುಚಲನ್ನು ಯಂತ್ರದಿಂದ ತೆಗೆಸಿದ್ದನಂತೆ. ಆ ವರ್ಷ ಮಂಡಲದ ಹಾವು ಅಡುಗೆಮನೆಯಲ್ಲಿ, ಇಲಿ ಕಣಜದಲ್ಲಿ. ನಾನು ನಮ್ಮ ಬನದ ವಿಷಯ ಹೇಳಿರಲೇ ಇಲ್ಲ. ರುದ್ರೇಶ ಟವೆಲಿನಲ್ಲೇ ನಿಂತು ನನ್ನ ಮುಖ ನೋಡಿದ. ಬಾಯಿ ಬಿಟ್ಟು ಹೇಳಿದ್ದರೆ ಜಗಳವಾಡಬಹುದಿತ್ತು.

ನಾನು ಜೋಡಿಸಿದ್ದ ಸೌದೆಯನ್ನು ನನ್ನ ಕೈಯಾರೆ ಎಳೆದು ಮೂಲೆಗೆ ಚೆಲ್ಲಿದೆ. ದಪ್ಪದ್ದು, ಸಣ್ಣದ್ದು, ಮಟ್ಟೆ, ಹೆಂಚು. ಸೋಮಾ ಪಕ್ಕದಲ್ಲಿ ನಿಂತು, “ಇನ್ನೂ ಕೆಡಿಸು, ಇನ್ನೂ ಸ್ವಲ್ಪ,” ಎನ್ನುತ್ತಿದ್ದಳು. ಕೆಲಸ ಹಾಳು ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಜಯಸೇನ ಗಡಿಗೆಯನ್ನು ರಾಶಿಯ ಪಕ್ಕ ಮಲಗಿಸಿ ಬಟ್ಟೆ ಸಡಿಲಿಸಿದರು. ಅತ್ತೆ ತಮ್ಮ ಮನೆಗೆ ಹೋದರು. ಅಂದು ಸಂಜೆ ಐದು ನಲವತ್ತಕ್ಕೆ ಹೊರಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ಸಂಜೆ ಬಂದರು. ನನಗೆ ಸಮಾಧಾನವಾಗಿ ಎರಡನೆಯ ಲೋಟ ಚಹ ಕುಡಿದೆ. ಸಂಜೆ ನಾನು ಎರಡು ಲೋಟ ಕುಡಿಯುವವಳಲ್ಲ.

ಆಸ್ಪತ್ರೆ

ಹೊರಡುವ ಹಿಂದಿನ ದಿನ ಸೋಮಾ ತಾನು ಕೆಲಸ ಮಾಡಿದ ಊರಿನ ಆಸ್ಪತ್ರೆ ತೋರಿಸಿದಳು. ಹಾಸಿಗೆಗಳ ಚಾದರಗಳು ನೇರವಾಗಿದ್ದವು. ಹಾವು ಕಚ್ಚಿದವರಿಗೆ ಕೊಡುವ ಔಷಧಿಯ ಕಪಾಟನ್ನು ಅಲ್ಲಿಯ ನರ್ಸು ತೆರೆದಳು. ಸಣ್ಣ ಸೀಸೆ, ತಳದಲ್ಲಿ ಬಿಳಿ ಪುಡಿ. ಕೈಗೆ ತೆಗೆದುಕೊಂಡು ಓದಿದೆ. ನಮ್ಮ ದೇಶದಲ್ಲೇ ತಯಾರಾದದ್ದು. ಜಗಳೂರಿನಲ್ಲಿ, ಚನ್ನಗಿರಿಯಲ್ಲಿ ನಾನು ಒಡೆದು, ನೀರಿನಲ್ಲಿ ಕರಗಿಸಿ, ಸಲೈನಿಗೆ ಸೇರಿಸುತ್ತಿದ್ದ ಅದೇ ಸೀಸೆ. ಹನುಮಕ್ಕನಿಗೆ ಹೋದದ್ದೂ ಅದೇ.

ಆ ಔಷಧಿ ಹೇಗೆ ಆಗುತ್ತದೆಂದು ಪರೀಕ್ಷೆಗೆ ಓದಿ ಬರೆದವಳು ನಾನು. ಜೀವಂತ ಹಾವಿನಿಂದ ವಿಷ ತೆಗೆದು, ಕುದುರೆಗೆ ಸ್ವಲ್ಪ ಸ್ವಲ್ಪ ಕೊಟ್ಟು, ಕುದುರೆಯ ರಕ್ತದಿಂದ. ನಾಗರ, ಕಟ್ಟು ಹಾವು, ಮಂಡಲ, ಗರಗಸ ಮಂಡಲ, ನಾಲ್ಕೂ ಬೇಕು. ಅಂಕವೂ ಬಂದಿತ್ತು. ಆದರೆ ಮೂವತ್ತಾರು ವರ್ಷ ಆ ಸೀಸೆ ಹಿಡಿದರೂ ಅದರೊಳಗಿನದನ್ನು ಕೊಟ್ಟವರು ಯಾರು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಹಾವೆಲ್ಲ ಹೊಡೆದು ಮುಗಿಸಿದ ಮೇಲೆ ಈ ಸೀಸೆ ತುಂಬುವುದು ಯಾವುದರಿಂದ? ಹನುಮಕ್ಕನಿಗೆ ಕಚ್ಚಿದ್ದೂ ಮಂಡಲ, ಅವಳನ್ನು ಉಳಿಸಿದ್ದರಲ್ಲಿ ಒಂದು ಪಾಲೂ ಮಂಡಲದ್ದು.

ಕಪಾಟಿನಲ್ಲಿ ಸೀಸೆಗಳು ಸ್ವಲ್ಪ ಓರೆಯಾಗಿದ್ದವು. ಸಾಲಾಗಿ ಜೋಡಿಸಿ ಬಾಗಿಲು ಹಾಕಿದೆ. ಅಷ್ಟಕ್ಕೆ ಅವರ ಆಕ್ಷೇಪವಿರಲಿಲ್ಲ.

ತ್ಯಾವಣಿಗೆ

ಸೋಮವಾರ ಎಂಟಕ್ಕೆ ಬರಬೇಕಾದ ಜೆಸಿಬಿ ಒಂಬತ್ತೂಕಾಲಿಗೆ ಬಂತು. ಹಾವಿನ ಹೊತ್ತಿನ ಶಿಸ್ತು ನೋಡಿ ಬಂದವಳಿಗೆ ಅದು ಕೋಪ ತರಿಸಿತು. ಹನುಮಕ್ಕ ರಸ್ತೆಯ ಮೇಲೆಯೇ ನಿಂತಿದ್ದಳು. ಬನ ಹೋಗುವುದನ್ನು ಕಣ್ಣಾರೆ ನೋಡಲು ಬಂದಿದ್ದಳು.

“ಬನ ಮುಟ್ಟಬೇಡ ಮಂಜಣ್ಣ,” ಎಂದೆ. “ಬನದ ಸುತ್ತ ಮೂರು ಮಾರು ಅಗಲ ನೆಲ ಬೋಳು ಮಾಡು. ಒಂದು ಹುಲ್ಲು ಇರಬಾರದು. ಬದುವಿನ ಮೇಲಿನ ಹುಲ್ಲಿನ ಬಣವೆ ಆ ಕಡೆ ಸಾಗಿಸು. ಏನು ದಾಟಿದರೂ ದೂರದಿಂದ ಕಾಣಬೇಕು.”

“ಸಿಸ್ಟರೇ, ಕೀಳಾಕೆ ಅಂತ ಕರೆಸಿ, ಈಗ ಕಸ ಹೊಡಿಯಾಕೆ ಹೇಳ್ತೀರಲ್ರಿ?”

“ಹೇಳಿದಷ್ಟು ಮಾಡು.”

ರುದ್ರೇಶ ಹುತ್ತದ ಕಡೆ ತಿರುಗಿ ಕೈ ಮುಗಿದ. ಆಮೇಲೆ ನನ್ನ ಕಡೆಗೂ ಮುಗಿದ. ಹನುಮಕ್ಕ ಮುಗಿಯಲಿಲ್ಲ.

“ನನ್ನ ಕಾಲಿಗಿಂತ ಹುತ್ತ ಹೆಚ್ಚಾತೇನ್ರಿ ಸಿಸ್ಟರಮ್ಮ?”

ಆ ಮಾತು ನ್ಯಾಯವಾದದ್ದು. ಅವಳನ್ನು ರಸ್ತೆಯ ಅಂಚಿನಲ್ಲಿ ಕೂರಿಸಿಕೊಂಡು ಸೌದೆಯ ಕಥೆ, ಬಚ್ಚಲಿನ ಕಥೆ ಹೇಳಿದೆ. ರುದ್ರೇಶನ ಪದ್ಮಾಸನದ ಹತ್ತಿರ ಬಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬನ ಕಿತ್ತರೆ ಅದರೊಳಗಿನವು ಮೊದಲು ಹೋಗುವುದು ಕಾಲುವೆಯ ಪಕ್ಕದ ಅವಳ ಮನೆಗೇ ಎಂದೆ. ಅವಳು ನಗು ನಿಲ್ಲಿಸಿದಳು. ಸೀಸೆಯ ವಿಷಯ ಹೇಳಿದಾಗ ಸೀರೆ ಸರಿಸಿ ಕಾಲಿನ ಗಾಯದ ಗುರುತು ಸವರಿಕೊಂಡಳು.

“ಅವತ್ತು ಎರಡು ಕೇರೆ ಹೊಡದ್ರಲ್ಲ,” ಎಂದಳು. “ಅವಾಗಿಂದ ಇಲಿ ಜಾಸ್ತಿ ಆಗ್ಯಾವೆ. ರಸ್ತೆ ಮ್ಯಾಲೆ ನಿಂತ್ರೂ ಕಾಣ್ತೈತೆ, ತೆನಿ ಕಡದು ಹಾಕ್ಯಾವೆ.”

ನಾನು ಮೊಣಕಾಲುದ್ದದ ರಬ್ಬರ್ ಬೂಟು ಮತ್ತು ಒಂದು ಉದ್ದ ಕೋಲು ಕೊಟ್ಟೆ. ನಿಯಮವನ್ನೂ ಹೇಳಿದೆ. ಬೂಟಿಲ್ಲದೆ ಬದು ಹತ್ತುವಂತಿಲ್ಲ. ಕೈ ಹಾಕುವ ಮೊದಲು ಕೋಲು ಹಾಕಬೇಕು. ಸಂಜೆ ಐದೂವರೆಗೆ ಗದ್ದೆ ಖಾಲಿ. ಆಮೇಲಿನದು ರಾತ್ರಿ ಪಾಳಿ, ಅವರ ಕೆಲಸ ಇಲಿ ಹಿಡಿಯುವುದು.

“ಹಾವಿಗೂ ಡ್ಯೂಟಿ ಹಾಕಿದ್ರಾ?” ಎಂದಳು. ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ಬರುತ್ತೇನೆ ಎನ್ನಲಿಲ್ಲ.

ಒಂಬತ್ತು ದಿನ ಬರಲಿಲ್ಲ. ಹತ್ತನೆಯ ದಿನ ಗದ್ದೆಗೆ ಹೋದಾಗ ಬದುವಿನ ಮೇಲೆ ಧಪ್ ಧಪ್ ಎಂದು ಸಪ್ಪಳ ಕೇಳಿತು. ಹನುಮಕ್ಕ ಕಚ್ಚೆ ಕಟ್ಟಿ, ಬೂಟು ಹಾಕಿ, ಕೋಲಿನಿಂದ ನೆಲ ಕುಟ್ಟುತ್ತ ನಡೆಯುತ್ತಿದ್ದಳು. ಕೆಸರಿನಲ್ಲಿ ಬೂಟು ಸಿಕ್ಕಿಕೊಂಡಾಗಲೆಲ್ಲ ನನ್ನನ್ನು ಬೈಯುತ್ತಿದ್ದಳು. ಬನದ ಕಡೆ ಮಾತ್ರ ಹೋಗಲಿಲ್ಲ.

ಐದೂವರೆಗೆ ನಾನು ಗಡಿಯಾರ ನೋಡಿ, “ಹೊತ್ತಾಯ್ತು, ನಡೀರಿ,” ಎಂದೆ. ರುದ್ರೇಶ ಸೈಕಲ್ಲು ತೆಗೆದ. ಹನುಮಕ್ಕ ನಮ್ಮ ಜೊತೆ ರಸ್ತೆಗೆ ಬರದೆ ನಿಂತಳು. ಆಮೇಲೆ ಕೋಲು ಕುಟ್ಟುತ್ತ ಬೋಳು ನೆಲದ ಅಂಚಿನವರೆಗೆ ಹೋದಳು. ಅಲ್ಲಿಂದ ಮುಂದೆ ಒಂದು ಹೆಜ್ಜೆಯನ್ನೂ ಇಡದೆ, ಹುತ್ತದ ಕಡೆ ಮುಖ ಮಾಡಿ, ವಾರ್ಡು ಒಪ್ಪಿಸುವಾಗ ನಾನು ಮಾತಾಡುತ್ತಿದ್ದಂಥ ದನಿಯಲ್ಲೇ ಹೇಳಿದಳು:

“ಮೂಡಲ ಬದುವಿನಾಗೆ ನಾಲ್ಕು ಇಲಿ ಬಿಲ ಅದಾವೆ. ನೋಡ್ಕಳ್ರಿ. ನಾವು ಹೊಂಟ್ವಿ.”